ನುಡಿ, ಪೇಜ್‌ಮೇಕರ್ ಮತ್ತು ಹೊಸ ವಿಂಡೋಸ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇನ್ನೊಂದಿಷ್ಟು ಕಾಲ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇದೆಯಾದರೂ ಅಂಗಡಿ ಇಟ್ಟವರು ಹೊಸ ಯಂತ್ರದ ಕಡೆಗೇ ನೋಡಬೇಕಾಗಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪಾಗಲಿ, ಇಂಟೆಲ್‌ನ ಎಂಟನೇ ಪೀಳಿಗೆಯ ಅಥವಾ ಅದರಿಂದೀಚಿನ ಪ್ರೊಸೆಸರಾಗಲಿ ಹತ್ತು ವರ್ಷ ದುಡಿದ ಪೆಟ್ಟಿಗೆಗಳಲ್ಲಿ ಇರುವುದಿಲ್ಲ. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿಯಂಥ ಊರುಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ, ದೇವಸ್ಥಾನದ ಸ್ಮರಣ ಸಂಚಿಕೆ ಮಾಡಿಕೊಡುವ ಡಿಟಿಪಿ ಅಂಗಡಿಗೆ ಹೊಸ ಸಿಸ್ಟಂ ಬಂದಾಗ ಸರ್ವಿಸ್ ಹುಡುಗನಿಗೆ ಹೇಳುವ ಮೊದಲ ಮಾತು ಒಂದೇ: ‘ನುಡಿ ಹಾಕ್ಕೊಡಪ್ಪ, ಪೇಜ್‌ಮೇಕರ್ ಹಾಕ್ಕೊಡು. ಹಳೇ ಫೈಲ್ ಓಪನ್ ಆಗ್ಬೇಕು, ಅಷ್ಟೆ.’

ಆ ‘ಅಷ್ಟೆ’ ಎನ್ನುವುದರಲ್ಲಿ ಇಪ್ಪತ್ತೈದು ವರ್ಷದ ಕನ್ನಡ ಬರವಣಿಗೆ ಅಡಗಿದೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಳೆಯ ಪತ್ರವನ್ನು ಯಾವ ಯಂತ್ರದಲ್ಲಿ ತೆರೆದರೂ ಅಕ್ಷರವಾದರೂ ಕಾಣುತ್ತದೆ. ನಮ್ಮ ಹಳೆಯ ಕಡತಗಳಿಗೆ ಆ ಭಾಗ್ಯವಿಲ್ಲ. ಆ ಫಾಂಟು ಇದ್ದರೆ ಓದಬಹುದು, ಆ ತಂತ್ರಾಂಶ ಇದ್ದರೆ ತಿದ್ದಬಹುದು. ಆದ್ದರಿಂದ ಹಳೆಯ ತಂತ್ರಾಂಶವನ್ನು ಹೊಸ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕೂರಿಸುವ ಪ್ರಶ್ನೆ ಇಲ್ಲಿ ಹಳೆಯದರ ಮೇಲಿನ ಮೋಹದ ಪ್ರಶ್ನೆಯಲ್ಲ.

ಇದು ಹೀಗಾದದ್ದಕ್ಕೆ ಕಾರಣಗಳಿವೆ. ಕನ್ನಡವನ್ನು ಗಣಕಕ್ಕೆ ತಂದವರು ಆಗ ಕೈಗೆ ಸಿಕ್ಕ ದಾರಿಯಲ್ಲೇ ನಡೆದರು. ಕೆ.ಪಿ. ರಾವ್ ರೂಪಿಸಿದ ‘ಸೇಡಿಯಾಪು’, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’, ಈ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ರಾಜ್ಯ ಸರ್ಕಾರ ಉಚಿತವಾಗಿ ಹಂಚಿದ ‘ನುಡಿ’, ಜೊತೆಗೆ ಮಾರಾಟದ ಶ್ರೀಲಿಪಿ, ಪ್ರಕಾಶಕ್, ಸಿ-ಡ್ಯಾಕ್‌ನ ಐಎಸ್‌ಎಂ. ಇವೆಲ್ಲ ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾಗಿದ್ದ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಅದನ್ನು ನಮ್ಮ ಮೇಜಿಗೂ ತಂದಿತು. ಆದರೆ ಪುಟ ಕಟ್ಟುವ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. 1985ರಲ್ಲಿ ಆಲ್ಡಸ್ ಕಂಪನಿಯಿಂದ ಹುಟ್ಟಿ, 1994ರಲ್ಲಿ ಅಡೋಬಿ ತೆಕ್ಕೆಗೆ ಬಂದು, 2001ರ 7.0 ಆವೃತ್ತಿಗೇ ನಿಂತುಹೋದ ಆ ತಂತ್ರಾಂಶವೇ ಮುದ್ರಣದ ಬೆನ್ನೆಲುಬು. ಅಚ್ಚಾಗಬೇಕಾದ್ದೆಲ್ಲ ಪೇಜ್‌ಮೇಕರ್‌ಗೆ ಹೋಗಬೇಕು, ಪೇಜ್‌ಮೇಕರ್‌ಗೆ ಹೋಗಬೇಕಾದ್ದೆಲ್ಲ ನುಡಿಯ ಹಳೆಯ ಸಂಕೇತದಲ್ಲಿರಬೇಕು. ಫ್ಲೆಕ್ಸ್ ಅಂಗಡಿಯ ಹಳೆಯ ಕೋರೆಲ್‌ಡ್ರಾದ್ದೂ ಇದೇ ಕಥೆ.

‘ಕನ್ನಡ’ ಎಂಬ ಒಂದು ಪದವನ್ನು ನುಡಿ ಫಾಂಟಿನಲ್ಲಿ ಬರೆದು ಫಾಂಟು ತೆಗೆದುಬಿಡಿ. ತೆರೆಯ ಮೇಲೆ ಏಳು ಗುರುತು ಉಳಿಯುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಎ. ಗಣಕ ಉಳಿಸಿಕೊಂಡಿರುವುದು ಇಷ್ಟನ್ನೇ. ಅದು ಕನ್ನಡವೆಂದು ತಿಳಿದಿರುವುದು ಫಾಂಟಿಗೆ ಮತ್ತು ಟೈಪು ಮಾಡಿದವರಿಗೆ ಮಾತ್ರ.

ಹಾಗಾದರೆ ಹಳೆಯ ಸಿಡಿ ಹಾಕಿದಾಗ ಹೊಸ ಯಂತ್ರ ಏಕೆ ಮುಷ್ಕರ ಹೂಡುತ್ತದೆ? ಮೊದಲ ಕಾರಣ 16 ಬಿಟ್. ವಿಂಡೋಸ್ 95ರ ಕಾಲದ ಎಷ್ಟೋ ತಂತ್ರಾಂಶಗಳು ತಾವು 32 ಬಿಟ್ ಆಗಿದ್ದರೂ ಅವನ್ನು ಕೂರಿಸುವ ಸೆಟಪ್ ಕಡತ 16 ಬಿಟ್‌ನದಾಗಿರುತ್ತಿತ್ತು. 32 ಬಿಟ್ ವಿಂಡೋಸ್‌ನಲ್ಲಿ ಅಂಥವನ್ನು ಓಡಿಸಲು ಎನ್‌ಟಿವಿಡಿಎಂ ಎಂಬ ಪದರವಿತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲವೇ ಇಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿ ಸಿಗುತ್ತಿತ್ತು, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಈಗಿನ ತೊಂದರೆ ಹಿಂದಿನದಕ್ಕಿಂತ ದೊಡ್ಡದಾಗಿರುವುದು ಇದರಿಂದ. ಒಂದು ಸಮಾಧಾನವಿದೆ: ಹಳೆಯ ಇನ್‌ಸ್ಟಾಲ್‌ಶೀಲ್ಡ್‌ನ 5ನೇ ಸರಣಿಯ 16 ಬಿಟ್ ಸೆಟಪ್ಪನ್ನು ವಿಂಡೋಸ್ ತಾನೇ ಗುರುತು ಹಿಡಿದು ತನ್ನ 32 ಬಿಟ್ ಬದಲಿಯನ್ನು ಓಡಿಸುತ್ತದೆ. ಆದ್ದರಿಂದ ಒಂದೇ ಕಾಲದ ಎರಡು ಸಿಡಿಗಳಲ್ಲಿ ಒಂದು ಸಲೀಸಾಗಿ ಕೂತು ಇನ್ನೊಂದು ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡದು’ ಎಂದರೆ ಸಿಡಿ ಕೆಟ್ಟಿದೆಯೆಂದು ಎಸೆಯಬಾರದು.

ಎರಡನೆಯದು ಅನುಮತಿ. ಎಕ್ಸ್‌ಪಿಯಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರುತ್ತಿದ್ದರು. ತಂತ್ರಾಂಶಗಳು ತಮ್ಮ ಸೆಟ್ಟಿಂಗನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಬರೆದುಕೊಳ್ಳುತ್ತಿದ್ದವು. 2007ರ ವಿಸ್ತಾದಿಂದ ಈಚೆಗೆ ಅಲ್ಲಿ ಬರೆಯಲು ಅಪ್ಪಣೆ ಬೇಕು. ಸೆಟಪ್ ಕಡತದ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡುವುದು, ಪ್ರೋಗ್ರಾಂ ಫೈಲ್ಸ್ ಬಿಟ್ಟು ಸಿ ಡ್ರೈವಿನಲ್ಲೇ ಬೇರೆ ಫೋಲ್ಡರ್ ಮಾಡಿ ಅಲ್ಲಿ ಕೂರಿಸುವುದು, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ ಆರಿಸುವುದು, ಡಾಟ್‌ನೆಟ್ 3.5 ಬೇಕೆಂದರೆ ವಿಂಡೋಸ್ ಫೀಚರ್ಸ್‌ನಲ್ಲಿ ಅದನ್ನು ಆನ್ ಮಾಡುವುದು: ಸಾಮಾನ್ಯ ತೊಡಕುಗಳಲ್ಲಿ ಬಹುಪಾಲು ಇಷ್ಟರಲ್ಲೇ ಬಿಡಿಸಿಕೊಳ್ಳುತ್ತವೆ.

ಬಿಡಿಸಿಕೊಳ್ಳದೆ ಜನರನ್ನು ಕಂಗಾಲು ಮಾಡುವುದು ಕೀಲಿಮಣೆ. ನುಡಿ ಕೂತಿದೆ, ಪೇಜ್‌ಮೇಕರ್ ಕೂತಿದೆ, ಫಾಂಟು ಕಾಣುತ್ತಿದೆ, ಆದರೆ ಒತ್ತಿದರೆ ಬರುವುದು ಬೇರೇನೋ. ಇದಕ್ಕೆ ಎರಡು ಕಾರಣ ನೋಡಬೇಕು. ಒಂದು ತೀರ ಸರಳ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸುವ ಕೀಲಿ ಸ್ಕ್ರೋಲ್ ಲಾಕ್. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯನ್ನೇ ತೆಗೆದುಹಾಕಿದ್ದಾರೆ. ವಿಂಡೋಸ್‌ನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದರೆ ಅದರಲ್ಲಿ ಇದೆ. ದಿನವಿಡೀ ಟೈಪು ಮಾಡುವವರು ಆ ಕೀಲಿ ಇರುವ ಯುಎಸ್‌ಬಿ ಕೀಬೋರ್ಡ್ ಜೋಡಿಸಿಕೊಳ್ಳುವುದೇ ಒಳ್ಳೆಯದು. ಇನ್ನೊಂದು ಕಾರಣ ಒಳಗಿನದು. ನುಡಿ ಹಿನ್ನೆಲೆಯಲ್ಲಿ ಕೂತು ನಾವು ಒತ್ತಿದ ಕೀಲಿಯನ್ನು ತಡೆದು, ಅದರ ಬದಲಿಗೆ ಕನ್ನಡದ ತುಣುಕನ್ನು ಮುಂದಿನ ಕಿಟಕಿಗೆ ಕಳಿಸುತ್ತದೆ. ವಿಸ್ತಾದ ನಂತರದ ವಿಂಡೋಸ್ ಒಂದು ಕಟ್ಟಳೆ ಹಾಕಿದೆ: ಕಡಿಮೆ ಅಧಿಕಾರದ ತಂತ್ರಾಂಶವು ಹೆಚ್ಚಿನ ಅಧಿಕಾರದಲ್ಲಿ ಓಡುತ್ತಿರುವ ತಂತ್ರಾಂಶದೊಳಕ್ಕೆ ಕೀಲಿ ತೂರಿಸುವಂತಿಲ್ಲ. ಪೇಜ್‌ಮೇಕರ್ ಸರಿಯಾಗಿ ಓಡಲೆಂದು ಅದಕ್ಕೆ ಅಡ್ಮಿನಿಸ್ಟ್ರೇಟರ್ ಪಟ್ಟ ಕಟ್ಟಿ, ನುಡಿಯನ್ನು ಮಾಮೂಲಾಗಿ ತೆರೆದರೆ ನೋಟ್‌ಪ್ಯಾಡಿನಲ್ಲಿ ಬರುವ ಕನ್ನಡ ಪೇಜ್‌ಮೇಕರ್‌ನಲ್ಲಿ ಬರುವುದಿಲ್ಲ. ಎರಡನ್ನೂ ಒಂದೇ ಅಧಿಕಾರದಲ್ಲಿ ತೆರೆದರೆ ಸಮಸ್ಯೆ ಮುಗಿಯಿತು. ಇಷ್ಟು ತಿಳಿಯದೆ ಎಷ್ಟು ಸಿಸ್ಟಂಗಳನ್ನು ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿಸಿರಬಹುದು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಕೀಲಿಮಣೆಯ ವಿಷಯದಲ್ಲಿ ಟೈಪಿಸ್ಟರ ಹಟ ನನಗೆ ನ್ಯಾಯವಾಗಿಯೇ ಕಾಣುತ್ತದೆ. ನುಡಿ ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಕನ್ನಡ’ ಎಂಬುದಕ್ಕೆ ಐದೇ ಒತ್ತು. ಆ ವೇಗ ಬೆರಳಿಗೆ ಬರಲು ವರ್ಷಗಳು ಬೇಕು. ವಿಂಡೋಸ್ ತಾನಾಗಿ ಕೊಡುವ ಇನ್‌ಸ್ಕ್ರಿಪ್ಟ್ ಬೇರೆಯೇ ಜೋಡಣೆ. ಐವತ್ತು ದಾಟಿದವರಿಗೆ ಬೆರಳು ಬದಲಾಯಿಸಿ ಎನ್ನುವುದು ಸುಲಭದ ಮಾತಲ್ಲ. ಅದರ ಅಗತ್ಯವೂ ಇಲ್ಲ, ನುಡಿಯ ಹೊಸ ಆವೃತ್ತಿಗಳು ಅದೇ ಜೋಡಣೆಯಲ್ಲಿ ಯೂನಿಕೋಡ್ ಬರೆಯುತ್ತವೆ. ಲಿನಕ್ಸ್‌ನಲ್ಲಿ ‘ಕಗಪ’ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲೇ ಆ ಜೋಡಣೆ ವ್ಯವಸ್ಥೆಯ ಒಳಗೇ ಸೇರಿಕೊಂಡಿದೆ.

ಮೂರನೆಯ ಅಡ್ಡಿ ಲಾಕ್. ಮಾರಾಟದ ಕನ್ನಡ ತಂತ್ರಾಂಶಗಳ ಜೊತೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟಗಲದ ಒಂದು ಡಾಂಗಲ್ ಬರುತ್ತಿತ್ತು. ಇಪ್ಪತ್ತೈದು ಪಿನ್ನಿನ ಆ ಪೋರ್ಟು ಹೊಸ ಯಂತ್ರಗಳಲ್ಲಿ ಇಲ್ಲ. ಯುಎಸ್‌ಬಿಯಿಂದ ಪ್ರಿಂಟರಿಗೆ ಹೋಗುವ ಕನ್ವರ್ಟರ್ ತಂತಿ ಪ್ರಿಂಟರ್ ಓಡಿಸುತ್ತದೆಯೇ ಹೊರತು ಡಾಂಗಲ್ಲಿಗೆ ಸಾಲದು. ಡಾಂಗಲ್ಲಿನ 32 ಬಿಟ್ ಡ್ರೈವರನ್ನು 64 ಬಿಟ್ ವಿಂಡೋಸ್ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ದುಡ್ಡು ಕೊಟ್ಟು ಪ್ರಾಮಾಣಿಕವಾಗಿ ಕೊಂಡವರೇ ಇಲ್ಲಿ ಹೆಚ್ಚು ಕಷ್ಟಕ್ಕೆ ಸಿಕ್ಕಿರುವುದು ಬೇಸರದ ಸಂಗತಿ. ಅಂಥವರು ಮಾಡಬಹುದಾದದ್ದು ತಯಾರಕರಿಂದ ಹೊಸ ಆವೃತ್ತಿ ಪಡೆಯುವುದು, ಇಲ್ಲವೇ ಆ ಪೋರ್ಟು ಇರುವ ಹಳೆಯ ಯಂತ್ರವನ್ನು ಇಂಟರ್‌ನೆಟ್‌ನಿಂದ ಬಿಡಿಸಿ ಜೋಪಾನ ಮಾಡುವುದು.

ಹೊಸ ವಿಂಡೋಸ್‌ನಲ್ಲಿ ನೇರವಾಗಿ ಕೂರದಿದ್ದರೆ ಹೊಸದರೊಳಗೇ ಹಳೆಯದೊಂದನ್ನು ಎಬ್ಬಿಸಬಹುದು. 2009ರಲ್ಲಿ ವಿಂಡೋಸ್ 7ರ ಪ್ರೊಫೆಷನಲ್ ಆವೃತ್ತಿ ಕೊಂಡವರಿಗೆ ಮೈಕ್ರೋಸಾಫ್ಟ್ ತಾನೇ ‘ಎಕ್ಸ್‌ಪಿ ಮೋಡ್’ ಕೊಟ್ಟಿತ್ತು. ಈಗ ಅದಿಲ್ಲ, ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ನಾವೇ ಮಾಡಿಕೊಳ್ಳಬೇಕು. ಎಕ್ಸ್‌ಪಿಗೆ 512 ಎಂಬಿ ಮೆಮೊರಿ ಕೊಟ್ಟರೆ ಧಾರಾಳವಾಯಿತು. ಅದರ ಸಿಡಿ, ಪರವಾನಗಿಯ ಕೀ ಕೈಯಲ್ಲಿರಬೇಕು. ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿರುವುದರಿಂದ ಆ ವರ್ಚುವಲ್ ಯಂತ್ರಕ್ಕೆ ನೆಟ್‌ವರ್ಕ್ ಕೊಡಬಾರದು. ಕಡತ ಸಾಗಿಸಲು ಒಂದು ಶೇರ್ಡ್ ಫೋಲ್ಡರ್ ಸಾಕು. ಸತ್ತುಹೋಗುವ ಸ್ಥಿತಿಯಲ್ಲಿರುವ ಹಳೆಯ ಸಿಸ್ಟಂ ಇದ್ದರೆ ಮೊದಲು ಅದರ ಹಾರ್ಡ್‌ಡಿಸ್ಕನ್ನು ಹೊರತೆಗೆದು ಐಡಿಇ–ಯುಎಸ್‌ಬಿ ಕನ್ವರ್ಟರ್ ಮೂಲಕ ಇಡಿಯಾಗಿ ನಕಲು ಮಾಡಿಕೊಳ್ಳಬೇಕು. ಯಂತ್ರ ಇನ್ನೂ ಏಳುತ್ತಿದ್ದರೆ ಸಿಸ್‌ಇಂಟರ್ನಲ್ಸ್‌ನ ಡಿಸ್ಕ್2ವಿಎಚ್‌ಡಿ ಡಿಸ್ಕನ್ನು ವರ್ಚುವಲ್ ಡಿಸ್ಕಾಗಿ ಬದಲಿಸಿಕೊಡುತ್ತದೆ. ನಲವತ್ತು ಜಿಬಿಯ ಡಿಸ್ಕು ಇಂದಿನ ಪೆನ್‌ಡ್ರೈವಿನ ಮೂಲೆಯಲ್ಲಿ ಹಿಡಿಸುತ್ತದೆ. ಈ ಕಡೆಯ ಮಳೆಗಾಲದ ತೇವಕ್ಕೆ ಫ್ಲಾಪಿಗಳಿಗೆ ಬೂಷ್ಟು ಹಿಡಿದಿರುತ್ತದೆ, ಅವುಗಳ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು.

ಇನ್ನೊಂದು ದಾರಿ ಲಿನಕ್ಸ್ ಮೇಲಿನ ವೈನ್. 64 ಬಿಟ್ ವಿಂಡೋಸ್ ಕೈಬಿಟ್ಟ 16 ಬಿಟ್ ವಿಂಡೋಸ್ ತಂತ್ರಾಂಶಗಳನ್ನೂ ಅದು 64 ಬಿಟ್ ಲಿನಕ್ಸ್‌ನಲ್ಲಿ ಓಡಿಸಬಲ್ಲದು. ಡಾಸ್ ಕಾಲದವಕ್ಕೆ ಡಾಸ್‌ಬಾಕ್ಸ್ ಇದೆ. ಕಾಲೇಜು ಲ್ಯಾಬುಗಳಲ್ಲಿ ಟರ್ಬೊ ಸಿ++ ಕಲಿತ ಹುಡುಗರಿಗೆ ಅದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಇಷ್ಟೆಲ್ಲ ದಾರಿ ಹೇಳಿದ ಮೇಲೂ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡಬೇಕು. ಹಳೆಯ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಕೂರಿಸುವುದು ಹಳೆಯ ಬರಹವನ್ನು ಹೊರತೆಗೆಯುವುದಕ್ಕಾಗಿ ಆಗಬೇಕು. ಹೊಸ ಕೆಲಸವನ್ನೂ ಅದರಲ್ಲೇ ಮುಂದುವರಿಸುವುದಕ್ಕಾಗಿ ಆದರೆ ನಾವು ಪ್ರತಿದಿನ ಬೀಗ ಹಾಕಿದ ಕಡತಗಳನ್ನು ಹೆಚ್ಚಿಸುತ್ತಲೇ ಇರುತ್ತೇವೆ. ‘ಪ್ರೆಸ್ಸಿನವರು ನುಡಿಯಲ್ಲೇ ಕೇಳ್ತಾರೆ’ ಎಂಬ ಮಾತಿಗೆ ಮೊದಲು ಬಲವಿತ್ತು. 2012ರ ಇನ್‌ಡಿಸೈನ್ ಸಿಎಸ್6ರಿಂದ ಈಚೆಗೆ ಕನ್ನಡ ಯೂನಿಕೋಡನ್ನು ಒತ್ತಕ್ಷರ ಸಮೇತ ಕೂರಿಸುವ ವ್ಯವಸ್ಥೆ ಬಂದಿದೆ. ಇನ್‌ಡಿಸೈನಿಗೆ ಹಣ ಹಾಕಲಾಗದವರಿಗೆ ಸ್ಕ್ರೈಬಸ್, ಲಿಬ್ರೆಆಫೀಸ್ ಇವೆ. ನುಡಿ 01, ನುಡಿ 05ರಷ್ಟು ಕಣ್ಣಿಗೆ ಒಗ್ಗಿದ ಅಕ್ಷರ ವಿನ್ಯಾಸ ಯೂನಿಕೋಡ್‌ನಲ್ಲಿ ಸಾಕಷ್ಟಿಲ್ಲ ಎಂಬ ದೂರು ಬಹುಕಾಲ ನಿಜವಾಗಿತ್ತು. ಅದೂ ಈಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಹೊರತೆಗೆಯುವ ಕೆಲಸ ಮಾತ್ರ ಗುಂಡಿ ಒತ್ತಿ ಎದ್ದುಹೋಗುವಂಥದ್ದಲ್ಲ. ಪರಿವರ್ತಕಗಳು ಸಾಕಷ್ಟಿವೆ. ನುಡಿ, ಬರಹ ಎರಡರಲ್ಲೂ ಇವೆ. ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಕನ್ನಡ ತಂತ್ರಾಂಶ ಸಮಿತಿಯ ಪ್ರಯತ್ನದಿಂದಲೂ ಒಂದು ಬಂತು, ಆಸಕ್ತರು ಬರೆದು ಮುಕ್ತವಾಗಿ ಹಂಚಿದವೂ ಇವೆ. ಆದರೆ ಶ್ರೀಲಿಪಿಯ ಸಂಕೇತ ಬೇರೆ, ನುಡಿಯದು ಬೇರೆ. ಕಡತ ಯಾವ ಫಾಂಟಿನದು ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಹಳೆಯ ಸಂಕೇತದಲ್ಲಿ ತುಣುಕುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ: ‘ಸೂರ್ಯ’ ಪದದ ಅರ್ಕಾವೊತ್ತು ಯಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ತಂದು ಕೂರಿಸಬೇಕು, ಒತ್ತು ಮತ್ತು ಸ್ವರಚಿಹ್ನೆ ಒಟ್ಟಿಗೆ ಬಂದಲ್ಲಿ ಅದು ಎಡವುವುದುಂಟು. ಕನ್ನಡದ ನಡುವೆ ಬಂದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ. ವರ್ಡ್‌ನಲ್ಲಿ ಟೈಪು ಮಾಡಿದ್ದಾದರೆ ಅದರ ಆಟೋಕರೆಕ್ಟ್ ವಾಕ್ಯದ ಮೊದಲ ಗುರುತನ್ನು ದೊಡ್ಡಕ್ಷರ ಮಾಡಿ ಅಕ್ಷರವನ್ನೇ ಬದಲಿಸಿರುತ್ತದೆ. ಆದ್ದರಿಂದ ಮೂಲದ ಮುದ್ರಿತ ಪ್ರತಿ ಪಕ್ಕದಲ್ಲಿಟ್ಟುಕೊಂಡು ಕರಡು ತಿದ್ದಲೇಬೇಕು.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹೀಗೆ ಕರಡು ತಿದ್ದುವುದಕ್ಕೆ ವಿಶೇಷ ಕಾರಣವೂ ಇದೆ. ತಾಳಗುಂದ, ಬಳ್ಳಿಗಾವಿ ಶಿಕಾರಿಪುರಕ್ಕೆ ಸೇರಿದರೆ ಕುಬಟೂರು, ಚಂದ್ರಗುತ್ತಿ, ಉದ್ರಿ ಸೊರಬಕ್ಕೆ ಸೇರಿವೆ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ 1904ರ ಎಂಟನೆಯದರಲ್ಲಿ ಸೊರಬದವನ್ನೂ ಅಚ್ಚು ಹಾಕಿಸಿದರು. ಇಂಥ ನೆಲದಲ್ಲಿ ಊರಿನ ಇತಿಹಾಸ, ದೇವಸ್ಥಾನದ ಪರಿಚಯ, ವೀರಗಲ್ಲುಗಳ ಪಟ್ಟಿ ಎಂದು ಬರೆಯುವವರು ಬಹಳ. ಸಾವಿರಕ್ಕೂ ಕಡಿಮೆ ಪ್ರತಿ ಅಚ್ಚಾಗಿ ಹಂಚಿಹೋಗುವ ಇಂಥ ಪುಸ್ತಕಗಳ ಮೂಲ ಉಳಿಯುವುದು ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ. ಶಾಸನಪಾಠದಲ್ಲಿ ಬರುವ ಱ, ೞ ಅಕ್ಷರಗಳನ್ನು ಪರಿವರ್ತಕ ಸರಿಯಾಗಿ ತೆಗೆದುಕೊಂಡಿದೆಯೇ ಎಂದು ಕಣ್ಣಾರೆ ನೋಡಬೇಕು. ಒಂದು ೞಕಾರ ಳಕಾರವಾದರೆ ಶಾಸನದ ಕಾಲವನ್ನು ಊಹಿಸಲು ನೆರವಾಗುವ ಒಂದು ಸುಳಿವೇ ಹೋದಂತೆ. ಬರೆದ ಹಿರಿಯರು ನಮ್ಮೊಡನೆ ಇರುವಾಗಲೇ ಇದು ಆಗಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕೇ.

ಪೇಜ್‌ಮೇಕರ್ ಕಡತಗಳಿಗೆ ಪೇಜ್‌ಮೇಕರೇ ಬೇಕೆಂದಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಇನ್‌ಡಿಸೈನ್‌ನ ಸಿಎಸ್6ವರೆಗಿನ ಆವೃತ್ತಿಗಳು ಅವನ್ನು ತೆರೆಯುತ್ತವೆ. 2015ರಲ್ಲಿ ಬಂದ ಲಿಬ್ರೆಆಫೀಸ್ 4.4ರಿಂದ ಈಚಿನ ಉಚಿತ ಆವೃತ್ತಿಗಳೂ ತೆರೆಯುತ್ತವೆ. ಪುಟದ ಅಂದ ಅಲ್ಲಲ್ಲಿ ಕೆಡಬಹುದು, ಚಿತ್ರ ಜಾಗ ಬಿಡಬಹುದು. ಬರಹ ಕೈಗೆ ಸಿಕ್ಕಿದರೆ ಅದನ್ನು ನಕಲಿಸಿ ಪರಿವರ್ತಕಕ್ಕೆ ಹಾಕಿಕೊಳ್ಳಬಹುದು. ಪೇಜ್‌ಮೇಕರ್ ಇನ್ನೂ ಓಡುತ್ತಿರುವ ಯಂತ್ರದಲ್ಲಿ ಪ್ರತಿ ಪುಸ್ತಕದ ಪಿಡಿಎಫ್ ತೆಗೆದಿಡುವುದನ್ನು ಇದರ ಜೊತೆಗೇ ಮಾಡಬೇಕು, ಪುಟ ಮೂಲದಲ್ಲಿ ಹೇಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಲೆಕ್ಕಪತ್ರದ ತಂತ್ರಾಂಶಗಳ ಸಂಗತಿ ಸ್ವಲ್ಪ ಹಗುರ. ಟ್ಯಾಲಿಯ ಹಳೆಯ ದತ್ತಾಂಶವನ್ನು ಹಂತ ಹಂತವಾಗಿ ಹೊಸದಕ್ಕೆ ತರುವ ಸಾಧನಗಳನ್ನು ಅದರ ತಯಾರಕರೇ ಕೊಟ್ಟಿದ್ದಾರೆ. ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಲೆಕ್ಕದ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಏಳದಿದ್ದರೂ ಅದರ ಡಿಬಿಎಫ್ ಕಡತಗಳನ್ನು ಲಿಬ್ರೆಆಫೀಸ್ ಕ್ಯಾಲ್ಕ್ ನೇರವಾಗಿ ತೆರೆಯುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಂತೂ 2022ರಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿ 63,000 ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು ಹೊರಟಿತು. ತಾಲ್ಲೂಕು ಕಚೇರಿಯ ‘ಭೂಮಿ’ ಮೊದಲು ಅಲ್ಲಲ್ಲಿನ ಯಂತ್ರದಲ್ಲೇ ಇತ್ತು, ಆಮೇಲೆ ಕೇಂದ್ರದ ಸರ್ವರಿಗೆ ಹೋಯಿತು. ಹಾಗಾಗಿ ಕಚೇರಿಯ ಕಂಪ್ಯೂಟರ್ ಬದಲಾದರೆ ರೈತನ ಪಹಣಿಗೆ ಕುತ್ತಿಲ್ಲ. ದುಡ್ಡಿನ, ಜಮೀನಿನ ದಾಖಲೆಗೆ ಇಷ್ಟು ಕಾಳಜಿ ವಹಿಸಿದ ನಾಡು ಬರಹದ ದಾಖಲೆಯನ್ನು ಒಬ್ಬೊಬ್ಬ ಅಂಗಡಿಯವನ ಹೆಗಲಿಗೆ ಬಿಟ್ಟಿರುವುದು ಸರಿಯಲ್ಲ.

ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಪೇಜ್‌ಮೇಕರ್ 7, ನುಡಿ 4 ಎಂದು ಹುಡುಕಿದರೆ ಯಾರ್‍ಯಾರೋ ಇಟ್ಟಿರುವ ಡೌನ್‌ಲೋಡ್ ತಾಣಗಳು ಸಾಲುಗಟ್ಟಿ ಬರುತ್ತವೆ. ಅಲ್ಲಿಂದ ಇಳಿಸಿಕೊಂಡ ಕಡತಕ್ಕೆ ವಿಂಡೋಸ್ ಡಿಫೆಂಡರ್ ತಕರಾರು ತೆಗೆದಾಗ ಡಿಫೆಂಡರನ್ನೇ ಆಫ್ ಮಾಡುವುದು ರೂಢಿಯಾಗಿಬಿಟ್ಟಿದೆ. ಅದೇ ಯಂತ್ರದಲ್ಲಿ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಅಂಗಡಿ ಹೀಗೆ ಮಾಡಬಾರದು. ಸ್ವಂತ ಸಿಡಿ ಇದ್ದರೆ ಅದರ ಐಎಸ್‌ಒ ಪ್ರತಿ ಮಾಡಿಟ್ಟುಕೊಳ್ಳುವುದು, ಇಲ್ಲದಿದ್ದರೆ ವರ್ಚುವಲ್ ಯಂತ್ರದ ಒಳಗೆ ಮಾತ್ರ ಅಂಥದ್ದನ್ನು ಪರೀಕ್ಷಿಸುವುದು ಕ್ಷೇಮ.

ನುಡಿಯನ್ನು ಹಂಚಿದ್ದು ಸರ್ಕಾರ. ಹಳೆಯ ನುಡಿ ಕೂತಿರುವ, ನೆಟ್‌ವರ್ಕ್ ಇಲ್ಲದ ಒಂದು ವರ್ಚುವಲ್ ಯಂತ್ರವನ್ನೂ ಪರೀಕ್ಷಿಸಿ ಒಪ್ಪಿದ ಪರಿವರ್ತಕವನ್ನೂ ತಾಲ್ಲೂಕು ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಿ ಇಡಿಸಿ, ಯಾರು ಬೇಕಾದರೂ ಪೆನ್‌ಡ್ರೈವ್ ತಂದು ತಮ್ಮ ಕಡತ ಬದಲಿಸಿಕೊಂಡು ಹೋಗುವ ಹಾಗೆ ಮಾಡುವುದು ಅದಕ್ಕೆ ದೊಡ್ಡ ಖರ್ಚಲ್ಲ. ಅದು ಬರುವವರೆಗೆ ಅಂಗಡಿಯವರು ಕಾಯಬೇಕಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಲಗ್ನಪತ್ರಿಕೆಯ ಕೆಲಸವಿಲ್ಲ, ಹೊರಗೆ ಮಳೆ. ಆ ಒಂದು ತಿಂಗಳಲ್ಲಿ ಮೊದಲು ಡಿಸ್ಕಿನ ನಕಲು, ಆಮೇಲೆ ಪುಸ್ತಕಗಳ ಪಿಡಿಎಫ್, ಆಮೇಲೆ ಯೂನಿಕೋಡ್ ಪರಿವರ್ತನೆ ಎಂದು ಕ್ರಮವಾಗಿ ಹಿಡಿಯಬಹುದು. ಲಗ್ನಪತ್ರಿಕೆ, ಕರಪತ್ರಗಳನ್ನು ಬಿಟ್ಟು ಪುಸ್ತಕ, ಸ್ಮರಣ ಸಂಚಿಕೆ, ಶಾಸನದ ಪಟ್ಟಿಗಳಿಂದ ಶುರು ಮಾಡಿ, ಬರೆದವರ ಮನೆಗೆ ಒಂದು ಪ್ರತಿ ಕಳಿಸಿ, ಕರಡು ತಿದ್ದಲು ಅವರನ್ನೇ ಕೂರಿಸಿಕೊಳ್ಳಬೇಕು.